ಒಂದು ಮೀಟರ್ ನೀರಿನಲ್ಲಿ ಒಂದು ಘಟ್ಟ

"ಈಜು ಬರದಿದ್ದರೂ ಪರವಾಗಿಲ್ಲ." ಮುರುಡೇಶ್ವರದ ಸ್ಕೂಬಾ ಪ್ಯಾಕೇಜು ವಿಚಾರಿಸಿದವರಿಗೆಲ್ಲ ಸಿಗುವ ಮೊದಲ ಭರವಸೆ ಇದು. ಮಾತಿನಲ್ಲಿ ಸುಳ್ಳಿಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್, ಬಾಯಿಗೆ ರೆಗ್ಯುಲೇಟರ್, ಮೈಗೆ ಗಾಳಿ ತುಂಬುವ ಜಾಕೆಟ್ ಕಟ್ಟಿಕೊಂಡು ಇಳಿದ ಪ್ರವಾಸಿ ಈಜುವುದೇ ಇಲ್ಲ. ಇನ್‌ಸ್ಟ್ರಕ್ಟರ್ ಅವನ ಸಿಲಿಂಡರಿನ ಕುತ್ತಿಗೆ ಹಿಡಿದು ಮೀನಿನ ಹಿಂಡಿನ ನಡುವೆ ತಳ್ಳಿಕೊಂಡು ಹೋಗುತ್ತಾನೆ, ವಿಡಿಯೊ ಮಾಡಿಸುತ್ತಾನೆ, ಮೇಲೆ ತಂದು ಬಿಡುತ್ತಾನೆ. ಬೈಕಿನ ಹಿಂದಿನ ಸೀಟಿನಲ್ಲಿ ಕೂತವನಿಗೆ ಗೇರ್ ಹಾಕಲು ಬರಬೇಕಿಲ್ಲ, ನಿಜ. ಆದರೆ ನಡುದಾರಿಯಲ್ಲಿ ಅವನು ಗಾಬರಿಬಿದ್ದು ಜಿಗಿದರೆ ಓಡಿಸುವವನ ಚಾಕಚಕ್ಯತೆಯಿಂದ ಏನೂ ಉಪಯೋಗವಿಲ್ಲ. ನೀರಿನೊಳಗೆ ಗಾಬರಿಯಾದವನು ಜಿಗಿಯುವುದು ಮೇಲಕ್ಕೆ. ಮೊದಲ ಸಲ ಡೈವ್ ಮಾಡುವವರ ದೊಡ್ಡ ಅಪಾಯ ಆಳದಲ್ಲಿಲ್ಲ, ಆ ಮೇಲ್ಮುಖ ಜಿಗಿತದಲ್ಲಿದೆ.

ಪಶ್ಚಿಮ ಬೆಂಗಳೂರಿನವರಿಗೆ ಸಮುದ್ರ ಈಗ ದೂರವಲ್ಲ. ಶುಕ್ರವಾರ ರಾತ್ರಿ ನವರಂಗ್ ಹತ್ತಿರವೋ ಗೊರಗುಂಟೆಪಾಳ್ಯದಲ್ಲೋ ಬಸ್ಸು, ಟೆಂಪೊ ಟ್ರಾವೆಲರ್ ಹತ್ತಿದರೆ ಬೆಳಗಾಗುವಾಗ ಕರಾವಳಿ. ಮುರುಡೇಶ್ವರದವರೆಗೇ ಹೋಗುವ ರೈಲೂ ಇದೆ. ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿಲೊಮೀಟರ್ ಹೋದರೆ ನೇತ್ರಾಣಿ: ಭಟ್ಕಳ ತಾಲ್ಲೂಕಿನ, ಜನವಸತಿಯಿಲ್ಲದ ಕಲ್ಲುಗುಡ್ಡದಂಥ ದ್ವೀಪ. ಹೊಟ್ಟೆ ಬೆಳ್ಳಗಿರುವ ಕಡಲ ಹದ್ದುಗಳು ಅಲ್ಲಿ ಗೂಡು ಕಟ್ಟುತ್ತವೆ. ನೌಕಾಪಡೆ ಒಂದು ಕಾಲಕ್ಕೆ ಅದನ್ನೇ ಗುರಿ ಇಟ್ಟು ಗುಂಡು ಹಾರಿಸಿ ಅಭ್ಯಾಸ ಮಾಡುತ್ತಿತ್ತು. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ, ಅಕ್ಟೋಬರಿನಿಂದ ಮೇವರೆಗೆ, ಇಲ್ಲಿ ಡೈವಿಂಗ್ ಸೀಸನ್. 2022ರ ಅಕ್ಟೋಬರ್‌ನಲ್ಲಿ 'ಗಂಧದ ಗುಡಿ' ತೆರೆಗೆ ಬಂದು, ಪುನೀತ್ ರಾಜ್‌ಕುಮಾರ್ ಕಡಲೊಳಗೆ ಇಳಿದದ್ದನ್ನು ಕಂಡ ಮೇಲಂತೂ ನಮ್ಮ ಕಡೆಯ ಹುಡುಗರಿಗೆ ಇದು ಸಾಹಸಕ್ಕಿಂತ ಹೆಚ್ಚಾಗಿ ಒಂದು ಬಗೆಯ ಹರಕೆಯಾಗಿದೆ. ಕಂಠೀರವ ಸ್ಟುಡಿಯೊದಲ್ಲಿರುವ ಅವರ ಸಮಾಧಿಗೆ ಕೈ ಮುಗಿದು ರಿಂಗ್ ರಸ್ತೆಯಲ್ಲೇ ಬಸ್ಸು ಹತ್ತಿದರೆ ತಪ್ಪೆಂದು ನಾನೇನೂ ಹೇಳಲಾರೆ.

ಆ ಪ್ರಯಾಣದಲ್ಲೇ ಡೈವಿಂಗಿನ ಭೌತಶಾಸ್ತ್ರವೆಲ್ಲ ಅಡಗಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ರಾಜಾಜಿನಗರದಲ್ಲಿ ಕೂತವನ ಮೇಲೆ ಗಾಳಿಯ ಒತ್ತಡ ಸಮುದ್ರತೀರದ ಒತ್ತಡದ ನೂರರಲ್ಲಿ 90 ಭಾಗದಷ್ಟು ಮಾತ್ರ. ಘಟ್ಟ ಇಳಿಯುವಾಗ ಉಳಿದ ಹತ್ತು ಭಾಗ ಸೇರಿಕೊಳ್ಳುತ್ತದೆ. ಕಿವಿ ಗುಯ್ ಎಂದು ಕಟ್ಟುವುದು, ಆಕಳಿಸಿದಾಗಲೋ ಉಗುಳು ನುಂಗಿದಾಗಲೋ ಪಟ್ಟೆಂದು ಬಿಡುವುದು ಅದೇ ಕಾರಣಕ್ಕೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಹಾಗಾಗಿ ವಾಯುಮಂಡಲದ ಹತ್ತನೇ ಒಂದು ಭಾಗದ ಒತ್ತಡವನ್ನು ಹೇರಲು ಒಂದೇ ಒಂದು ಮೀಟರ್ ನೀರು ಸಾಕು. ರಾಜಾಜಿನಗರದಿಂದ ಮುರುಡೇಶ್ವರದ ಮರಳಿಗೆ ಇಳಿಯುವಷ್ಟರಲ್ಲಿ, ರಾತ್ರಿಯಿಡೀ ಸಾಗಿ, ನಿಮ್ಮ ಕಿವಿ ಕಂಡ ಒತ್ತಡದ ಏರಿಕೆಯನ್ನೆಲ್ಲ ನೇತ್ರಾಣಿಯ ನೀರು ಮೊದಲ ಒಂದು ಮೀಟರಿನಲ್ಲಿ, ಎರಡು ಮೂರು ಸೆಕೆಂಡಿನಲ್ಲಿ ಕೊಟ್ಟುಬಿಡುತ್ತದೆ. ಈ ಬರಹದ ಮಟ್ಟಿಗೆ ಇದನ್ನೇ ಅಳತೆಯಾಗಿ ಇಟ್ಟುಕೊಳ್ಳೋಣ: ಒಂದು ಮೀಟರ್ ನೀರು ಎಂದರೆ ಒಂದು ಘಟ್ಟ. ಪ್ರವಾಸಿಗಳನ್ನು ಇಳಿಸುವ ಹತ್ತು ಹನ್ನೆರಡು ಮೀಟರ್ ಆಳ ಎಂದರೆ ಹತ್ತು ಹನ್ನೆರಡು ಘಟ್ಟ.

ಮೊದಲು ಪೆಟ್ಟು ತಿನ್ನುವುದು ಕಿವಿ. ಕಿವಿತಮಟೆಯ ಹಿಂದೆ ಗಾಳಿ ತುಂಬಿದ ಸಣ್ಣ ಕೋಣೆಯಿದೆ. ಅದನ್ನು ಗಂಟಲಿನ ಹಿಂಭಾಗಕ್ಕೆ ಜೋಡಿಸುವ ಯೂಸ್ಟೇಷಿಯನ್ ನಾಳ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ಹೊರಗಿನ ಒತ್ತಡ ಏರಿದಂತೆ ಒಳಗೂ ಗಾಳಿ ಸೇರಬೇಕು, ಇಲ್ಲವಾದರೆ ತಮಟೆ ಒಳಕ್ಕೆ ಬಾಗುತ್ತದೆ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಉಸಿರು ಒತ್ತಿ ಆ ನಾಳವನ್ನು ತೆರೆಯುವ ಉಪಾಯಕ್ಕೆ ಇಟಲಿಯ ಅಂಗರಚನಾಶಾಸ್ತ್ರಜ್ಞ ವಲ್ಸಾಲ್ವಾನ ಹೆಸರಿದೆ. ಅವನು ಕಿವಿಯ ಮೇಲೆ ತನ್ನ ಗ್ರಂಥ ಪ್ರಕಟಿಸಿದ್ದು 1704ರಲ್ಲಿ. ಇಲ್ಲಿ ಹೊಸಬರಿಗೆ ಯಾರೂ ಒತ್ತಿ ಹೇಳದ ಸೂಕ್ಷ್ಮವೊಂದಿದೆ. ಒಳಹೊರಗಿನ ಒತ್ತಡದ ಅಂತರ ಸುಮಾರು 90 ಮಿಲಿಮೀಟರ್ ಪಾದರಸದಷ್ಟು, ಅಂದರೆ ಒಂದೂಕಾಲು ಘಟ್ಟದಷ್ಟು ಆದಮೇಲೆ ನಾಳದ ಬಾಯಿ ಒತ್ತಿಕೊಂಡು ಬೀಗ ಬಿದ್ದಂತಾಗುತ್ತದೆ. ಆಮೇಲೆ ಎಷ್ಟು ಜೋರಾಗಿ ಊದಿದರೂ ತೆರೆಯದು. ಜೋರಾಗಿ ಊದಿದಷ್ಟೂ ಒಳಕಿವಿಗೆ ಪೆಟ್ಟಾಗುವ ಭಯ ಹೆಚ್ಚು. ಒಂದಿಷ್ಟು ಮೇಲಕ್ಕೆ ಬಂದು ಅಂತರ ತಗ್ಗಿಸಿಕೊಳ್ಳುವುದೊಂದೇ ದಾರಿ. ಆದ್ದರಿಂದ ನೋವಾದ ಮೇಲೆ ಕಿವಿ ಬಿಡಿಸಿಕೊಳ್ಳುವುದಲ್ಲ, ನೋವಾಗುವ ಮೊದಲೇ, ಪ್ರತಿ ಘಟ್ಟಕ್ಕೊಮ್ಮೆ.

ಎಸಿ ಬಸ್ಸಿನ ರಾತ್ರಿಪ್ರಯಾಣದಲ್ಲಿ ನೆಗಡಿ ಹತ್ತಿಸಿಕೊಂಡವನ ನಾಳ ಊದಿಕೊಂಡಿರುತ್ತದೆ. ದುಡ್ಡು ಕಟ್ಟಿಯಾಗಿದೆ, ಗೆಳೆಯರೆಲ್ಲ ಇಳಿಯುತ್ತಿದ್ದಾರೆ, ಒಂದು ಮಾತ್ರೆ ನುಂಗಿ ಇಳಿದುಬಿಡೋಣ ಎನ್ನುವ ಯೋಚನೆ ಎಲ್ಲರಿಗೂ ಬರುತ್ತದೆ. ಮಾತ್ರೆಯ ಕಸುವು ನೀರಿನೊಳಗೇ ಇಳಿದುಹೋದರೆ, ಮೇಲೆ ಬರುವಾಗ ಹಿಗ್ಗುವ ಗಾಳಿ ಹೊರಹೋಗಲು ದಾರಿಯಿಲ್ಲದೆ ಸಿಕ್ಕಿಹಾಕಿಕೊಳ್ಳುತ್ತದೆ. ತಮಟೆ ಹರಿದರೆ ನೋವು ಥಟ್ಟನೆ ನಿಂತು ಹಾಯೆನಿಸುತ್ತದೆ. ಮರುಕ್ಷಣವೇ ಮೈಬಿಸಿಗಿಂತ ತಣ್ಣಗಿರುವ ನೀರು ಒಂದೇ ಕಿವಿಯೊಳಗೆ ನುಗ್ಗಿ ತಲೆ ಗಿರ್ರೆಂದು ಸುತ್ತುತ್ತದೆ. ಕಿವಿಯ ಗಾಯ ವಾಸಿಯಾದೀತು. ಆದರೆ ಹತ್ತು ಮೀಟರ್ ಕೆಳಗೆ ಯಾವುದು ಮೇಲು ಯಾವುದು ಕೆಳಗು ತಿಳಿಯದಾದವನು ಮಾಡುವ ಮುಂದಿನ ಕೆಲಸವಿದೆಯಲ್ಲ, ಅದು ಕೊಲ್ಲಬಹುದು.

ಅಲ್ಲಿಂದ ಶುರು ಶ್ವಾಸಕೋಶದ ಕತೆ. ತಾಪ ಬದಲಾಗದಿದ್ದರೆ ಒತ್ತಡ ಎರಡರಷ್ಟಾದಾಗ ಗಾಳಿಯ ಗಾತ್ರ ಅರ್ಧವಾಗುತ್ತದೆ ಎಂದು ರಾಬರ್ಟ್ ಬಾಯ್ಲ್ 1662ರಲ್ಲಿ ತೋರಿಸಿದ; ನಮ್ಮ ಹೈಸ್ಕೂಲಿನ ಪಾಠವೇ. ಉಸಿರು ಕಟ್ಟಿ ಕೆರೆಗೆ ಧುಮುಕುವ ಹುಡುಗನ ಎದೆಯೊಳಗಿನ ಗಾಳಿ ಕೆಳಗೆ ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಅವನು ನೀರಿನಡಿಯಲ್ಲಿ ಹೊಸ ಗಾಳಿ ಎಳೆದುಕೊಂಡಿಲ್ಲವಲ್ಲ, ಅದಕ್ಕೆ. ಸ್ಕೂಬಾ ಹಾಗಲ್ಲ. ಝಾಕ್ ಕೂಸ್ತೊ ಮತ್ತು ಎಮಿಲ್ ಗಾನ್ಯಾ 1943ರಲ್ಲಿ ರೂಪಿಸಿದ ರೆಗ್ಯುಲೇಟರಿನ ಜಾಣ್ಮೆಯೇ, ಸುತ್ತಲಿನ ನೀರಿನ ಒತ್ತಡ ಎಷ್ಟಿದೆಯೋ ಅಷ್ಟೇ ಒತ್ತಡದ ಗಾಳಿಯನ್ನು ಬಾಯಿಗೆ ಕೊಡುವುದು. ಹತ್ತು ಮೀಟರ್ ಆಳದಲ್ಲಿ ಎಳೆದ ಆರು ಲೀಟರ್ ಉಸಿರು ಮೇಲ್ಮೈಯಲ್ಲಿ ಹನ್ನೆರಡು ಲೀಟರ್. ಎದೆಗೂಡಿಗೆ ಅಷ್ಟು ಜಾಗವಿಲ್ಲ. ಡೈವರ್ ಎಡೆಬಿಡದೆ ಉಸಿರಾಡುತ್ತಲೇ ಇದ್ದರೆ ಹೆಚ್ಚಿನದು ತಾನಾಗಿ ಗುಳ್ಳೆಯಾಗಿ ಹೊರಹೋಗುತ್ತದೆ. ಹೆದರಿ ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದರೆ ಗಾಳಿಗೂಡುಗಳ ನವಿರಾದ ಗೋಡೆ ಹರಿಯುತ್ತದೆ.

ಎಷ್ಟು ಆಳದಿಂದ? ಶ್ವಾಸಕೋಶ ತುಂಬಿಕೊಂಡು ಬಾಯಿ ಮುಚ್ಚಿದ್ದರೆ ಸುಮಾರು 1.2 ಮೀಟರ್ ಮೇಲೇರಿದರೂ ಸಾಕು. ಕಿವಿಯ ನಾಳಕ್ಕೆ ಬೀಗ ಬೀಳುವಷ್ಟೇ, ಒಂದೂಕಾಲು ಘಟ್ಟ. ಈಜುಕೊಳದಲ್ಲಿ ಸಿಲಿಂಡರ್ ಕಟ್ಟಿಕೊಂಡು ಅಭ್ಯಾಸ ಮಾಡುವಾಗಲೇ ಹೀಗಾದ ಉದಾಹರಣೆಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಮೂವತ್ತು ಮೀಟರಿನಿಂದ ಇಪ್ಪತ್ತಕ್ಕೆ ಏರುವಾಗ ಗಾಳಿ ಮೂರನೇ ಒಂದು ಭಾಗ ಮಾತ್ರ ಹಿಗ್ಗುತ್ತದೆ. ಕೊನೆಯ ಹತ್ತು ಮೀಟರಿನಲ್ಲಿ ಇಮ್ಮಡಿಯಾಗುತ್ತದೆ. "ಬರೀ ಹತ್ತು ಮೀಟರ್ ಸಾರ್" ಎಂದು ದೋಣಿಯವರು ಧೈರ್ಯ ಹೇಳುವ ಆ ಹತ್ತು ಮೀಟರೇ ಇಡೀ ಸಮುದ್ರದಲ್ಲಿ ಗಾತ್ರ ಅತಿ ಬೇಗ ಬದಲಾಗುವ ಪದರ. ಆಳ ಕಡಿಮೆಯಾದಷ್ಟೂ ಸುರಕ್ಷಿತ ಎನ್ನುವ ನೆಲದ ಮೇಲಿನ ತರ್ಕ ಶ್ವಾಸಕೋಶದ ಮಟ್ಟಿಗೆ ತಲೆಕೆಳಗು.

ಗೋಡೆ ಹರಿದಲ್ಲಿಂದ ಗಾಳಿ ಕುತ್ತಿಗೆಯ ಚರ್ಮದಡಿಗೆ ನುಸುಳಬಹುದು. ಮುಟ್ಟಿದರೆ ಚರಚರ ಎನ್ನುತ್ತದೆ, ದನಿ ಬದಲಾಗುತ್ತದೆ. ಎದೆಗೂಡಿಗೆ ಸೇರಿ ಶ್ವಾಸಕೋಶವನ್ನೇ ಕುಗ್ಗಿಸಬಹುದು. ಎಲ್ಲಕ್ಕಿಂತ ಕೆಟ್ಟದ್ದು, ರಕ್ತನಾಳಕ್ಕೆ ಇಳಿದ ಗುಳ್ಳೆಗಳು ಹೃದಯದ ಎಡಭಾಗ ದಾಟಿ ಮಿದುಳು ಸೇರುವುದು. ಮೇಲೆ ಬಂದ ಹತ್ತು ನಿಮಿಷದೊಳಗೆ, ಎಷ್ಟೋ ಸಲ ತಲೆ ನೀರಿನಿಂದೆದ್ದ ಕೂಡಲೇ ಪ್ರಜ್ಞೆ ತಪ್ಪುತ್ತದೆ, ಇಲ್ಲವೇ ಒಂದು ಕಡೆಯ ಕೈಕಾಲು ಬೀಳುತ್ತದೆ. ಇದನ್ನು ಮೊದಲು ಚೆನ್ನಾಗಿ ಗುರುತಿಸಿದ್ದು ವಿಹಾರದ ಡೈವರ್‌ಗಳಲ್ಲಲ್ಲ, ಮುಳುಗಿದ ಜಲಾಂತರ್ಗಾಮಿಯಿಂದ ತಪ್ಪಿಸಿಕೊಳ್ಳುವ ತರಬೇತಿ ಪಡೆಯುತ್ತಿದ್ದ ಅಮೆರಿಕದ ನಾವಿಕರಲ್ಲಿ. ಪೋಲಾಕ್ ಮತ್ತು ಆಡಮ್ಸ್ ಎಂಬ ನೌಕಾ ವೈದ್ಯರು 1932ರಲ್ಲಿ ಅದನ್ನು ವರದಿ ಮಾಡಿದರು. ಅವರೆಲ್ಲ ಗಟ್ಟಿಮುಟ್ಟಾದ ಸೈನಿಕರು, ನಿಗಾ ಇಟ್ಟ ತರಬೇತಿ. ಆದರೂ ಉಸಿರು ಬಿಗಿಹಿಡಿದವರಿದ್ದರು.

ಉಸಿರು ಹಿಡಿಯಬೇಡ ಎಂದು ಹೇಳಿದರೆ ಸಾಲದೇ? ದೋಣಿಯ ಮೇಲೆ ಎಲ್ಲ ಇನ್‌ಸ್ಟ್ರಕ್ಟರ್‌ಗಳೂ ಹೇಳುತ್ತಾರೆ. ಗಾಬರಿಯಾದಾಗ ನೆನಪಾಗುವುದು ಕೇಳಿಸಿಕೊಂಡ ಮಾತಲ್ಲ, ಮೈಗೆ ರೂಢಿಯಾದ ಕೆಲಸ. ನೆಲದ ಪ್ರಾಣಿಯಾದ ನಮಗೆ ಹುಟ್ಟಿನಿಂದ ರೂಢಿಯಾದದ್ದು, ಮೂಗಿಗೆ ನೀರು ತಾಗಿದರೆ ಉಸಿರು ಕಟ್ಟು, ತಲೆಯೆತ್ತು ಎನ್ನುವುದು. ಮಾಸ್ಕಿನೊಳಗೆ ಒಂದು ಚಮಚ ನೀರು ಬಂದರೂ ಮೈ ಅದೇ ಹಳೆಯ ಪಾಠ ಒಪ್ಪಿಸುತ್ತದೆ. ಡೈವಿಂಗ್ ತರಬೇತಿಯ ಪಾಡಿ ಸಂಸ್ಥೆಯ ಮೂರು ನಾಲ್ಕು ದಿನದ ಓಪನ್ ವಾಟರ್ ಕೋರ್ಸಿನಲ್ಲಿ ಮಾಡಿಸುವುದು ಈ ಹಳೆಯ ಪಾಠ ಅಳಿಸುವ ಕೆಲಸವನ್ನೇ: ಮಾಸ್ಕಿಗೆ ಬೇಕೆಂದೇ ನೀರು ತುಂಬಿ ಮೂಗಿನಿಂದ ಊದಿ ಹೊರಹಾಕುವುದು, ಬಾಯಿಂದ ಜಾರಿದ ರೆಗ್ಯುಲೇಟರನ್ನು ಕೈಯಾಡಿಸಿ ಹುಡುಕಿ ಮತ್ತೆ ಕಚ್ಚುವುದು, ಸಣ್ಣ ಸದ್ದು ಮಾಡುತ್ತ ಉಸಿರು ಬಿಡುತ್ತಲೇ ನಿಧಾನವಾಗಿ ಏರುವುದು, ಪಕ್ಕದವನ ಗಾಳಿ ಹಂಚಿಕೊಳ್ಳುವುದು. 200 ಮೀಟರ್ ಈಜಿ, ಹತ್ತು ನಿಮಿಷ ತೇಲಿಯೂ ತೋರಿಸಬೇಕು. ಕೆಳಗಿಳಿಯುವುದನ್ನು ಕಲಿಸಲು ಅಷ್ಟೊಂದು ದಿನ ಬೇಕಿಲ್ಲ. ಮೇಲೆ ಬರುವುದನ್ನು ಕಲಿಯಲು ಬೇಕು.

ಪ್ರವಾಸಿಯ ಪರಿಚಯ ಡೈವಿಗೆ ಪಾಡಿಯ ನಿಯಮ ಬೇರೆ. ಆಳ 12 ಮೀಟರ್ ಮೀರಬಾರದು, ವಯಸ್ಸು ಹತ್ತಾದರೂ ಆಗಿರಬೇಕು, ಸಮುದ್ರದಲ್ಲಿ ಒಬ್ಬ ಇನ್‌ಸ್ಟ್ರಕ್ಟರಿಗೆ ನಾಲ್ವರಿಗಿಂತ ಹೆಚ್ಚು ಜನ ಕೂಡದು, ಆಳಕ್ಕೆ ಹೋಗುವ ಮೊದಲು ಕೆಲವು ಮೂಲ ಕೌಶಲಗಳನ್ನು ನಿಂತ ನೀರಿನಲ್ಲಿ ಮಾಡಿಸಬೇಕು. ಕಾಗದದ ಮೇಲೆ ಚೆನ್ನಾಗಿದೆ. ಸೀಸನ್ನಿನ ಭಾನುವಾರ, ಅಲೆಗೆ ತೂಗಾಡುವ ದೋಣಿ, ವಾಂತಿ ಮಾಡಿಕೊಂಡ ನಾಲ್ಕು ಜನ, ಸರದಿಯಲ್ಲಿ ಇನ್ನೂ ಹತ್ತು ಜನ ಎಂದಾಗ ಆ ಅಭ್ಯಾಸ ದೋಣಿಯ ಪಕ್ಕದ ಹಗ್ಗ ಹಿಡಿದು ಐದು ನಿಮಿಷದಲ್ಲಿ ಮುಗಿಯುವ ಶಾಸ್ತ್ರವಾಗಿಬಿಡುವುದು ಸುಲಭ.

ಸಣ್ಣದೊಂದು ಎಡವಟ್ಟನ್ನು ಇಲ್ಲೇ ಹೇಳಿಬಿಡುತ್ತೇನೆ. ಕ್ಯಾಮೆರಾ ಕಂಡರೆ ಹೆಬ್ಬೆರಳೆತ್ತಿ "ಸೂಪರ್" ಎನ್ನುವುದು ನಮ್ಮವರ ರೂಢಿ. ನೀರಿನೊಳಗೆ ಹೆಬ್ಬೆರಳು ಮೇಲೆತ್ತಿದರೆ "ಮೇಲೆ ಹೋಗೋಣ" ಎಂದು ಲೆಕ್ಕ. ಚೆನ್ನಾಗಿದ್ದೇನೆ ಎನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಬೇಕು.

ಡೈವರ್ಸ್ ಅಲರ್ಟ್ ನೆಟ್‌ವರ್ಕ್, ಅಂದರೆ ಡ್ಯಾನ್ ಸಂಸ್ಥೆಯ ಸಂಶೋಧಕರು 1992ರಿಂದ 2003ರವರೆಗಿನ 947 ಡೈವಿಂಗ್ ಸಾವುಗಳನ್ನು ಬಿಡಿಸಿ ನೋಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕಾರಣ ಗುರುತಿಸಲು ಸಾಧ್ಯವಾದವುಗಳಲ್ಲಿ, ಎಡವಟ್ಟು ಶುರುವಾದದ್ದು ಹೆಚ್ಚಾಗಿ ಗಾಳಿ ಸಾಲದೆ ಹೋದದ್ದರಿಂದ, ಶೇಕಡ 41. ಆದರೆ ಆ ಎಡವಟ್ಟನ್ನು ಮಾರಕವಾಗಿಸಿದ್ದರಲ್ಲಿ ತುರ್ತಾಗಿ ಮೇಲೇರಿದ್ದೇ ಶೇಕಡ 55. ಕೊನೆಗೆ ಆದ ಹಾನಿ: ಉಸಿರುಗಟ್ಟುವಿಕೆ ಶೇಕಡ 33, ರಕ್ತದಲ್ಲಿ ಗಾಳಿಗುಳ್ಳೆ 29, ಹೃದಯದ ತೊಂದರೆ 26. ಶಾರ್ಕ್ ಈ ಪಟ್ಟಿಯ ಮೇಲುಸಾಲಿನಲ್ಲಿ ಎಲ್ಲೂ ಇಲ್ಲ. ದೋಣಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಮಾತ್ರ ಅದೇ.

ಮೊದಲ ಸಲ ಇಳಿದವನ ಗಾಳಿ ಬೇಗ ಖಾಲಿಯಾಗುವುದನ್ನೂ ಲೆಕ್ಕ ಹಾಕಬಹುದು. ಹತ್ತು ಲೀಟರ್ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ತುಂಬಿದ ಗಾಳಿ ಹೊರಗೆ ಬಿಟ್ಟರೆ 2,000 ಲೀಟರ್. ಕಾಲುಭಾಗ ಆಪತ್ತಿಗೆಂದು ಉಳಿಸಬೇಕು. ಹೆದರಿದವನು ನಿಮಿಷಕ್ಕೆ 25 ಲೀಟರ್ ಎಳೆದರೆ ಹತ್ತು ಮೀಟರ್ ಕೆಳಗೆ ಅದು 50 ಆಗುತ್ತದೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಮಾಪಕದ ಮೇಲೆ ಕಣ್ಣಿಡಬೇಕಾದವನು ನಿಮ್ಮ ಹಿಂದಿದ್ದಾನೆ, ನಿಮಗೆ ಅವನು ಕಾಣುವುದಿಲ್ಲ, ಅದನ್ನು ಓದುವುದನ್ನು ನಿಮಗೆ ಯಾರೂ ಕಲಿಸಿಲ್ಲ.

ನೀರಿನಲ್ಲಿ ಇನ್ನೊಬ್ಬರನ್ನು ನಂಬಿ ಇಳಿಯುವುದು ಏನೆಂದು ತಿಳಿಯಲು ನೇತ್ರಾಣಿಯವರೆಗೆ ಹೋಗಬೇಕಾಗಿಯೂ ಇಲ್ಲ. ವಿಜಯನಗರದಿಂದ ಮಾಗಡಿ ರಸ್ತೆ ಹಿಡಿದರೆ ತಿಪ್ಪಗೊಂಡನಹಳ್ಳಿ ಜಲಾಶಯ. 2016ರ ನವೆಂಬರ್ 7ರಂದು 'ಮಾಸ್ತಿಗುಡಿ' ಚಿತ್ರೀಕರಣದಲ್ಲಿ ಹೆಲಿಕಾಪ್ಟರಿನಿಂದ ಅಲ್ಲಿಗೆ ಜಿಗಿದ ನಟರಾದ ಅನಿಲ್ ಮತ್ತು ಉದಯ್ ಮೇಲೆ ಬರಲಿಲ್ಲ. ಇಬ್ಬರ ಮೈಮೇಲೂ ಲೈಫ್ ಜಾಕೆಟ್ ಇರಲಿಲ್ಲ. ಚೆನ್ನಾಗಿ ಈಜು ಬರದು ಎಂಬ ಮಾತು ಜಿಗಿಯುವ ಮೊದಲೇ ಟಿವಿಯವರ ಮುಂದೆ ಬಂದಿತ್ತು. ಕಟ್ಟುಮಸ್ತಾದ ಮೈಗೂ ನೀರಿಗೂ ಸಂಬಂಧವಿಲ್ಲ ಎನ್ನುವುದನ್ನು ಆ ದೃಶ್ಯ ನೋಡಿದ ಕನ್ನಡಿಗರಾರೂ ಮರೆತಿರಲಾರರು. ಅದು ಸ್ಕೂಬಾ ಅಲ್ಲ, ಒಪ್ಪಿದೆ. ಆದರೆ ಏನಾದರೂ ಆದರೆ ಪಕ್ಕದಲ್ಲಿರುವವರು ನೋಡಿಕೊಳ್ಳುತ್ತಾರೆ ಎನ್ನುವ ಲೆಕ್ಕಾಚಾರ ಒಂದೇ. ನೀರಿನಲ್ಲಿ ಆ ಲೆಕ್ಕ ತಪ್ಪಿದಾಗ ತಿದ್ದಿಕೊಳ್ಳಲು ಸಿಗುವುದು ಒಂದೆರಡು ನಿಮಿಷ.

ತರಬೇತಿಯಿಲ್ಲದ ಡೈವಿನ ಹಳೆಯ ಕತೆಯೊಂದು ನನಗೆ ಬಹಳ ಇಷ್ಟ. ಡೈವರ್‌ಗಳು ಎಷ್ಟು ಹೊತ್ತು ಕೆಳಗಿದ್ದು ಹೇಗೆ ಹಂತಹಂತವಾಗಿ ಮೇಲೆ ಬರಬೇಕೆಂಬ ಕೋಷ್ಟಕಗಳನ್ನು ಮೊದಲು ಕೊಟ್ಟವರು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್, 1908ರಲ್ಲಿ. ಅದಕ್ಕಾಗಿ ಒತ್ತಡದ ಕೋಣೆಯಲ್ಲಿ ಮೇಕೆಗಳನ್ನು ಕೂಡಿಹಾಕಿ ಪರೀಕ್ಷಿಸಿದರು. 1906ರಲ್ಲಿ ಸ್ಕಾಟ್ಲೆಂಡಿನ ತೀರದಲ್ಲಿ ನಡೆದ ಪ್ರಯೋಗದ ವೇಳೆ ತಮ್ಮ ಹದಿಮೂರು ವರ್ಷದ ಮಗನನ್ನೂ ಡೈವರ್ ಉಡುಪು ತೊಡಿಸಿ ಸಮುದ್ರಕ್ಕೆ ಇಳಿಸಿದರು. ದೊಡ್ಡವರ ಉಡುಪು ಹುಡುಗನ ಅಳತೆಗೆ ಕೂರಲಿಲ್ಲ, ಒಳಗೆ ನೀರು ನುಗ್ಗಿತು. ಹುಡುಗ ಹೆದರದೆ ಗಾಳಿ ಬಿಟ್ಟುಕೊಂಡು ನಿಭಾಯಿಸಿ ಮೇಲೆ ಬಂದ. ಅವನೇ ಮುಂದೆ ಜೆ.ಬಿ.ಎಸ್. ಹಾಲ್ಡೇನ್, 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೀವವಿಜ್ಞಾನಿ. 1939ರಲ್ಲಿ ಥೀಟಿಸ್ ಜಲಾಂತರ್ಗಾಮಿ ಮುಳುಗಿದ ಮೇಲೆ ತನ್ನ ಮೈಮೇಲೇ ಒತ್ತಡದ ಪ್ರಯೋಗ ಮಾಡಿಕೊಂಡು ಕಿವಿತಮಟೆ ತೂತಾದಾಗ, ಸ್ವಲ್ಪ ಕಿವುಡಾದರೇನು, ಕಿವಿಯಿಂದ ಸಿಗರೇಟಿನ ಹೊಗೆ ಬಿಡಬಹುದಲ್ಲ ಎಂದು ತಮಾಷೆ ಮಾಡುತ್ತಿದ್ದ. ಆ ಹುಡುಗ ಬದುಕಿದ್ದು ಪ್ರಮಾಣಪತ್ರದಿಂದಲ್ಲ, ಗಾಬರಿಯಾಗದ್ದರಿಂದ. ಅಂಥ ಸ್ವಭಾವ ಎಲ್ಲರಿಗೂ ಹುಟ್ಟಿನಿಂದ ಬರುವುದಿಲ್ಲ. ಉಳಿದವರಿಗೆ ಅಭ್ಯಾಸವೇ ಗತಿ.

ಹೃದಯದ ಶೇಕಡ 26ಕ್ಕೆ ಮರಳೋಣ, ಏಕೆಂದರೆ ಪ್ರವಾಸದ ಗುಂಪಿನಲ್ಲಿ ಅಪ್ಪ ಅಮ್ಮಂದಿರೂ ಇರುತ್ತಾರೆ. ಕುತ್ತಿಗೆಯವರೆಗೆ ನೀರಿಗಿಳಿದ ಮಾತ್ರಕ್ಕೆ ಕಾಲು ಹೊಟ್ಟೆಗಳಲ್ಲಿದ್ದ ಅರ್ಧ ಲೀಟರಿಗೂ ಹೆಚ್ಚು ರಕ್ತ ಎದೆಯ ಕಡೆಗೆ ಸರಿಯುತ್ತದೆ. ಆರೋಗ್ಯವಂತ ಹೃದಯ ತಾಳಿಕೊಳ್ಳುತ್ತದೆ. ಬಿಪಿ ಹೆಚ್ಚಿರುವವರಲ್ಲಿ ಆ ಒತ್ತಡಕ್ಕೆ, ಭಯಕ್ಕೆ, ಜೋರುಸಿರಿಗೆ ಶ್ವಾಸಕೋಶದೊಳಗೇ ದ್ರವ ಸೋರಿ, ನೀರು ಕುಡಿಯದೆಯೂ ಉಸಿರುಗಟ್ಟಬಹುದು. ಕೆಮ್ಮು, ಗುಲಾಬಿ ಬಣ್ಣದ ನೊರೆ ಇದರ ಲಕ್ಷಣ. ಡೈವರ್‌ಗಳಿಗೆಂದು 2020ರಲ್ಲಿ ಪರಿಷ್ಕರಿಸಿದ ಅಂತರರಾಷ್ಟ್ರೀಯ ಆರೋಗ್ಯ ಪ್ರಶ್ನಾವಳಿಯಲ್ಲಿ ಹತ್ತು ಮುಖ್ಯ ಪ್ರಶ್ನೆಗಳಿವೆ. 45 ದಾಟಿದೆಯೇ ಎನ್ನುವುದು ಅವುಗಳಲ್ಲೊಂದು. ಹೌದು ಎಂದರೆ ಸಿಗರೇಟು, ಬಿಪಿ, ಕೊಲೆಸ್ಟರಾಲ್, ಮನೆತನದ ಹೃದ್ರೋಗದ ಬಗ್ಗೆ ಇನ್ನಷ್ಟು ಪ್ರಶ್ನೆಗಳು, ಬೇಕಾದರೆ ವೈದ್ಯರ ಸಹಿ. ದೋಣಿ ಹೊರಡುವ ಹೊತ್ತಿಗೆ ಇಂಗ್ಲಿಷ್ ಫಾರಂ ಕೈಗಿಟ್ಟರೆ, ಎಲ್ಲಕ್ಕೂ ಇಲ್ಲ ಇಲ್ಲ ಎಂದು ಗೀಚಿ ಸಹಿ ಹಾಕುವುದೇ ಹೆಚ್ಚು. ಆಸ್ತಮಾ ಇದ್ದವರು, ಫಿಟ್ಸ್ ಬರುವವರು, ಒಮ್ಮೆಯಾದರೂ ತಾನಾಗಿ ಶ್ವಾಸಕೋಶ ಕುಗ್ಗಿದ್ದವರು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಆ ಫಾರಂ ಅನ್ನು ಮುರುಡೇಶ್ವರದಲ್ಲಿ ತುಂಬಬಾರದು. ಬಸವೇಶ್ವರನಗರದ ತಮ್ಮ ಎಂದಿನ ಡಾಕ್ಟರ ಮುಂದೆ ಕೂತು, ಹೊರಡುವ ವಾರಕ್ಕೆ ಮೊದಲೇ ತುಂಬಬೇಕು. ದಡದಲ್ಲಿ ಹೇಳಿದ ಸುಳ್ಳು ಇನ್‌ಸ್ಟ್ರಕ್ಟರನ್ನು ಮೋಸಗೊಳಿಸಬಹುದು, ಬಾಯ್ಲ್‌ನ ನಿಯಮವನ್ನಲ್ಲ.

ಇನ್ನು ಸಾರಜನಕದ ಗುಳ್ಳೆಯ ರೋಗ, ಅಂದರೆ ಆಳದಲ್ಲಿ ಮೈಯೊಳಗೆ ಕರಗಿದ ಸಾರಜನಕ ಒತ್ತಡ ಇಳಿದಾಗ ಗುಳ್ಳೆಯಾಗುವುದು. ಜನ ಹೆಚ್ಚು ಹೆದರುವುದು ಇದಕ್ಕೇ. ಪರಿಚಯ ಡೈವಿನಲ್ಲಿ ಹೆದರಬೇಕಾದ್ದು ಕಡಿಮೆ. ಪಾಡಿಯ ಕೋಷ್ಟಕದ ಪ್ರಕಾರ ಹತ್ತು ಮೀಟರ್ ಆಳದಲ್ಲಿ ನಡುವೆ ತಂಗದೆ ಮೇಲೆ ಬರಬಹುದಾದ ಗಡುವು 219 ನಿಮಿಷ, 12 ಮೀಟರಿನಲ್ಲಿ 147. ಅರ್ಧ ಗಂಟೆಯ ಡೈವ್ ಆ ಗಡುವಿನ ಹತ್ತಿರಕ್ಕೂ ಹೋಗದು. ಆದರೂ ಬೆಂಗಳೂರಿನಂಥ ಎತ್ತರದ ಊರಿನವರಿಗೆ ಅನ್ವಯಿಸುವ ಒಂದು ಮಾತಿದೆ. ಒಂದು ಡೈವ್ ಆದಮೇಲೆ ವಿಮಾನ ಹತ್ತಲು 12 ಗಂಟೆ, ಹಲವು ಡೈವ್ ಅಥವಾ ಹಲವು ದಿನದ ಡೈವಿಂಗ್ ಆದರೆ 18 ಗಂಟೆ ಕಾಯಿರಿ ಎನ್ನುವುದು ಡ್ಯಾನ್ ಸಲಹೆ. ಆ ಸಲಹೆ ಸುಮಾರು 600 ಮೀಟರಿಗೆ ಮೇಲಿನ ಎತ್ತರಕ್ಕೆಲ್ಲ ಲಾಗೂ. ರಾಜಾಜಿನಗರ ಅದಕ್ಕಿಂತ ಮುನ್ನೂರು ಮೀಟರ್ ಮೇಲಿದೆ. ಮಂಗಳೂರಿನವರು ಡೈವ್ ಮುಗಿಸಿ ಕಾರು ಹತ್ತಿ ಮನೆಗೆ ಹೋಗಬಹುದು. ನಾವು ಹೊರಡುವುದು ಒಂದು ಪುಟ್ಟ ವಿಮಾನದಷ್ಟು ಎತ್ತರಕ್ಕೆ. ಬೆಳಿಗ್ಗೆ ಒಂದೇ ಡೈವ್ ಮಾಡಿ ರಾತ್ರಿ ಬಸ್ಸು ಹತ್ತಿದರೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಹಲವು ದಿನದ ಕೋರ್ಸಿನವರು ಕೊನೆಯ ಡೈವ್ ಮುಗಿಸಿದ್ದೇ ಘಟ್ಟ ಹತ್ತಬಾರದು.

ಎಷ್ಟು ಹೇಳಿದರೂ ಪ್ರಮಾಣ ತಪ್ಪಬಾರದು. ಮುರುಡೇಶ್ವರದಲ್ಲಿ ಸ್ಕೂಬಾಕ್ಕಿಂತ ದಡದ ಅಲೆ ಕ್ರೂರಿ. 2024ರ ಡಿಸೆಂಬರಿನಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯಿಂದ ಪ್ರವಾಸ ಬಂದ ನಾಲ್ವರು ವಿದ್ಯಾರ್ಥಿನಿಯರನ್ನು ಎಳೆದುಕೊಂಡದ್ದು ಮರಳಿನಂಚಿನ ನೀರೇ. ನಮ್ಮ ಬೆಳಗಾವಿಯವರು ಹೆಚ್ಚಾಗಿ ಹೋಗುವ ಮಹಾರಾಷ್ಟ್ರದ ತಾರ್ಕರ್ಲಿಯಲ್ಲಿ 2022ರ ಮೇ 24ರಂದು ಸ್ಕೂಬಾ ಮುಗಿಸಿ ಬರುತ್ತಿದ್ದ ದೋಣಿ ದಡದ ಹತ್ತಿರ ಮಗುಚಿ ಇಬ್ಬರು ಪ್ರವಾಸಿಗಳು ಸತ್ತರು. ಸಮುದ್ರದೊಳಗೆ ಏನೂ ಆಗಿರಲಿಲ್ಲ. ಲೈಫ್ ಜಾಕೆಟ್ ಡೈವಿಗಲ್ಲ, ದೋಣಿಗೆ. ದಡ ಮುಟ್ಟುವವರೆಗೂ ಬಿಚ್ಚಬಾರದು.

ಹಾಗಾದರೆ ಹೋಗಬಾರದೇ? ಹೋಗಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಸಾಹಸ ಪ್ರವಾಸದ ಮಾರ್ಗಸೂಚಿ ಹೊರತಂದಿದೆ, ಸ್ಕೂಬಾ ಅದರಲ್ಲಿದೆ. ಮಾರ್ಗಸೂಚಿ ನೀರಿಗಿಳಿಯುವುದಿಲ್ಲ, ಇಳಿಯುವವರು ನೀವು. ಆದ್ದರಿಂದ ದುಡ್ಡು ಕಟ್ಟುವ ಮೊದಲೇ ಫೋನಿನಲ್ಲಿ ಕೇಳಿ: ನನ್ನೊಬ್ಬನಿಗೆ ಒಬ್ಬರು ಇನ್‌ಸ್ಟ್ರಕ್ಟರ್ ಇರುತ್ತಾರೋ, ಇಬ್ಬರು ಮೂವರಿಗೆ ಒಬ್ಬರೋ? ನಾಲ್ವರಿಗೊಬ್ಬರು ಎನ್ನುವುದು ನಿಯಮದ ಗರಿಷ್ಠ ಮಿತಿ; ಈಜು ಬಾರದವನಿಗೆ ಒಬ್ಬರಿಗೊಬ್ಬರು ಎನ್ನುವುದಕ್ಕಿಂತ ಕಡಿಮೆ ನಾನಂತೂ ಒಪ್ಪಲಾರೆ. ಅವರು ಇನ್‌ಸ್ಟ್ರಕ್ಟರೋ ಸಹಾಯಕರೋ? ಪಾಡಿಯವರಾದರೆ ಅವರ ನಂಬರನ್ನು ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು. ದೋಣಿಯಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯೇ, ಮೊದಲ ಅಭ್ಯಾಸ ಎಲ್ಲಿ, ಎಷ್ಟು ಹೊತ್ತು? ಈ ಪ್ರಶ್ನೆಗಳಿಗೆ ನಗುವವರಿದ್ದರೆ ಮುಂದಿನ ನಂಬರಿಗೆ ಫೋನ್ ಮಾಡಿ. ಇನ್ನೂ ಒಳ್ಳೆಯದೆಂದರೆ ಹೊರಡುವ ಮೊದಲು ಎರಡು ಮೂರು ತಿಂಗಳು ವಿಜಯನಗರದ ಈಜುಕೊಳಕ್ಕೆ ಹೋಗಿ ನೀರಿನೊಳಗೆ ಮೂಗು ಅದ್ದಿ ಉಸಿರು ಬಿಡುವುದನ್ನು ಕಲಿಯುವುದು. ಈಜಿನ ಪ್ರಯೋಜನ ಸಮುದ್ರದಲ್ಲಿ ಈಜುವುದಕ್ಕಲ್ಲ. ಮುಖಕ್ಕೆ ನೀರು ತಾಗಿದಾಗ ಮೈ ಬೆಚ್ಚದಿರುವುದಕ್ಕೆ.

ನೀರಿನ ಕೆಳಗೆ ಏನೇ ಆದರೂ ಉಸಿರಾಟ ನಿಲ್ಲಿಸಬೇಡಿ. ಬೇಡವೆನಿಸಿದರೆ ಹೆಬ್ಬೆರಳೆತ್ತಿ, ಮಧ್ಯದಲ್ಲಿ ಬಿಟ್ಟು ಬರುವುದು ನಿಮ್ಮ ಹಕ್ಕು, ಮರ್ಯಾದೆಯ ಪ್ರಶ್ನೆಯಲ್ಲ. ಮೇಲೆ ಬಂದ ಮೇಲೆ ಜೊತೆಯವರಲ್ಲಿ ಯಾರಿಗಾದರೂ ತಲೆಸುತ್ತು, ಮಾತು ತೊದಲುವುದು, ಎದೆನೋವು, ಕೈಕಾಲು ಜೋಮು ಕಂಡರೆ ಮಲಗಿಸಿ, ಆಮ್ಲಜನಕ ಕೊಡಿಸಿ, ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಲಕ್ಷಣ ಮರುದಿನ ಬೆಂಗಳೂರಿನಲ್ಲಿ ಕಂಡರೂ ಸರಿ, ತುರ್ತು ಚಿಕಿತ್ಸಾ ಕೊಠಡಿಯಲ್ಲಿ ಮೊದಲು ಹೇಳಬೇಕಾದ ಮಾತು, "ಸಮುದ್ರದೊಳಗೆ ಸಿಲಿಂಡರಿನ ಗಾಳಿ ಉಸಿರಾಡಿ ಬಂದಿದ್ದಾರೆ" ಎನ್ನುವುದು. ಹಾಗೆ ಹೇಳದಿದ್ದರೆ ವೈದ್ಯರು ಅದನ್ನು ಸಾಮಾನ್ಯ ಪಾರ್ಶ್ವವಾಯು ಎಂದೇ ತಿಳಿಯಬಹುದು. ಹೇಳಿದರೆ, ಅದಕ್ಕೆ ಬೇಕಾದ, ಗುಳ್ಳೆ ಕುಗ್ಗಿಸುವ ಮರುಒತ್ತಡದ ಕೋಣೆಯನ್ನು ಹುಡುಕಲು ಶುರುಮಾಡುತ್ತಾರೆ.